ಗೋಡೆಯ ಮೇಲಿನ ರುದ್ರಣ್ಣ

ಚಪ್ಪಲಿ ಬಿಟ್ಟು, ಗೋಡೆಗೆ ಕೈಮುಗಿದು ಕಣ್ಣು ಮುಚ್ಚಿದೆ. ಮೇಷ್ಟ್ರಿಕೆಯಿಂದ ನಿವೃತ್ತನಾದ ಮೇಲೆ ದಾವಣಗೆರೆಯ ಕೆ.ಬಿ. ಬಡಾವಣೆಯ ಆ ರಸ್ತೆಗೆ ನಾನು ಬಂದಿರಲಿಲ್ಲ. ಅಷ್ಟರಲ್ಲಿ ಹಳೆಯ ಮನೆಗಳು ಗಾಜಿನ ಕೆಫೆಗಳಾಗಿ, ಕಾಂಪೌಂಡುಗಳ ತುಂಬ ಚಿತ್ರಗಳು ಬಂದಿದ್ದವು. ಅವುಗಳಲ್ಲೊಂದು ಎರಡಾಳೆತ್ತರದ ಕಪ್ಪು-ಬಿಳುಪು ಚಿತ್ರ. ತಳ್ಳುಗಾಡಿಯಲ್ಲಿ ಮಂಡಕ್ಕಿ-ಮಿರ್ಚಿ ಮಾರುತ್ತಿದ್ದ ರುದ್ರಣ್ಣನದು! ಕೆಳಗೆ ಚೆಂಡುಹೂವಿನ ಹಾರ ಬೇರೆ. ನಮ್ಮೂರಲ್ಲಿ ಇಷ್ಟು ದೊಡ್ಡ ಮುಖ ಕಪ್ಪು-ಬಿಳುಪಿನಲ್ಲಿ ಕಂಡರೆ ಅರ್ಥ ಒಂದೇ. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡೆ.

"ಮುಗೀತೇನ್ರಿ ಮೇಷ್ಟ್ರೆ? ಮಿರ್ಚಿ ಆರಿ ಹೋಗ್ತಾವೆ, ಬರ್ರಿ."

ತಿರುಗಿದರೆ ಎದುರಿನ ಮರದ ಕೆಳಗೆ ಸಾಕ್ಷಾತ್ ರುದ್ರಣ್ಣ, ಜಾಲರಿ ಸೌಟು ಹಿಡಿದು ನಿಂತಿದ್ದ! ಒಂದೇ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ.

"ಕೆಫೆಯೋರು ಪ್ರೀತಿಯಿಂದ ಬರ್ಸ್ಯಾರೆ. ಮೊನ್ನೆ ಕುಕ್ಕುವಾಡದಿಂದ ನಮ್ ಬೀಗ್ರು ಹಾರ ತಂದು, ಗೋಡೆ ಮುಂದೆ ಅತ್ತು, ನನ್ನ ನೋಡಿ ಬೆಚ್ಚಿಬಿದ್ದು, ಎರಡು ಪ್ಲೇಟ್ ತಿಂದು ಹೋದ್ರು," ಎಂದು ನಕ್ಕ. ಆಮೇಲೆ ನನ್ನನ್ನೇ ದಿಟ್ಟಿಸಿದ. "ಹೋದ್ಮೇಲೆ ಕೈಮುಗಿಯೋದು ಹಂಗಿರ್ಲಿ. ಇರೋವಾಗ ಬಂದು ತಿನ್ರಿ ಮೇಷ್ಟ್ರೆ."

ಈಗ ಚಿತ್ರಕಾರ ಗೋಡೆಯ ರುದ್ರಣ್ಣನ ಅಂಗಿಗೆ ಕೆಂಪು ಬಳಿದಿದ್ದಾನೆ. ನಾನೂ ವಾರಕ್ಕೊಮ್ಮೆ ತಪ್ಪದೆ ಹೋಗುತ್ತೇನೆ. ಆದರೂ ತಿರುವಿನಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಗೋಡೆಯನ್ನಲ್ಲ, ಬಾಣಲೆಯಿಂದೇಳುವ ಹೊಗೆಯನ್ನು.