ಜಲಪಾತ ಕಾಣದ ಜೀಪಣ್ಣ

ಗುಡ್ಡದ ಮೇಲಿನ ಆ ಊರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಜೀಪುಗಳ ಪೈಕಿ ಮೊದಲು ಭರ್ತಿಯಾಗುತ್ತಿದ್ದದ್ದು ಜೀಪಣ್ಣನದು. ಗಾಡಿ ಹಳೆಯದು, ಹಿಂದಿನ ಸೀಟಿನ ಸ್ಪಂಜು ಹೊರಗೆ ಇಣುಕುತ್ತಿತ್ತು. ಆದರೆ ಅವನ ಮಾತಿಗೆ ಕಿವಿಗೊಟ್ಟವರಿಗೆ ಅದೊಂದೂ ಕಾಣುತ್ತಿರಲಿಲ್ಲ. ಜಲಪಾತ ಮೂರು ಕವಲಾಗಿ ಧುಮುಕುವುದನ್ನು, ನೀರಿನ ಹಿಂದೆ ಬಂಡೆಯಲ್ಲಿ ಕೊರೆದ ದೊಡ್ಡ ಗುಡಿಯನ್ನು ಅವನು ತಿರುವು ತಿರುವಿಗೂ ಬಣ್ಣಿಸುತ್ತಿದ್ದರೆ, ಕೂತವರಿಗೆ ಜೀಪಿನಲ್ಲೇ ಮೈ ಒದ್ದೆಯಾದ ಹಾಗೆ ಅನಿಸುತ್ತಿತ್ತು.

ನಿಜ ಹೇಳಬೇಕೆಂದರೆ ಜೀಪಣ್ಣ ಆ ಜಲಪಾತವನ್ನು ಕಣ್ಣಾರೆ ಕಂಡೇ ಇರಲಿಲ್ಲ.

ಅವನು ಬಯಲಿನ ಊರಿನಿಂದ ಕೆಲಸಕ್ಕೆ ಬಂದವನು. ಏನೇ ಆದರೂ ಗಾಡಿ ಬಿಟ್ಟು ಕದಲಬೇಡ ಎಂದು ಮೊದಲ ದಿನವೇ ಧಣಿ ಎಚ್ಚರಿಸಿದ್ದ. ಪ್ರವಾಸಿಗರು ಕಾಲುದಾರಿ ಹಿಡಿದು ಇಳಿದರೆ ಇವನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಜೀಪು ತನ್ನದೇ ಆದ ಮೇಲೂ ಆ ನಿದ್ದೆ ಬಿಡಲಿಲ್ಲ. ಊರಲ್ಲೇ ಇರುವ ಜಲಪಾತ ಎಲ್ಲಿಗೆ ಓಡಿಹೋಗುತ್ತದೆ, ಇನ್ನೊಂದು ದಿನ ನೋಡಿದರಾಯಿತು ಎನ್ನುತ್ತಲೇ ತಲೆ ನರೆಯಿತು. ವಾಪಸ್ ಬಂದವರು ಹೇಳಿದ್ದಕ್ಕೇ ಉಪ್ಪು ಖಾರ ಹಚ್ಚಿ ಹೋಗುವವರಿಗೆ ಹೇಳುತ್ತಿದ್ದ.

ಹೀಗಿರುವಾಗ ಜೀಪಣ್ಣನ ಹೆಂಡತಿಯ ಅಣ್ಣ ತನ್ನ ಹೆಂಡತಿಯೊಡನೆ ಬಂದಿಳಿದ. ದರ್ಜಿ ಕೆಲಸದವನು, ಏನನ್ನೇ ಕಂಡರೂ ಕಣ್ಣಲ್ಲೇ ಅಳತೆ ತೆಗೆಯುವ ಆಸಾಮಿ. ಮರುದಿನ ಎಲ್ಲರೂ ಜಲಪಾತಕ್ಕೆ ಹೊರಟರು. ದಾರಿಯುದ್ದಕ್ಕೂ ಜೀಪಣ್ಣ ವರ್ಣನೆ ಹರಿಸಿದ. ಜೀಪು ನಿಂತೊಡನೆ, ನೀವು ಹೋಗಿಬನ್ನಿ, ನಾನು ಗಾಡಿ ಕಾಯುತ್ತೇನೆ ಎಂದ.

"ಗಾಡೀನ ಯಾರೂ ಹೊತ್ಕೊಂಡು ಹೋಗಲ್ಲ. ಅಣ್ಣಂಗೆ ನೀವೇ ತೋರಿಸ್ಬೇಕು, ಇಳೀರಿ," ಎಂದಳು ಹೆಂಡತಿ.

ಇಳಿದ. ದಾರಿ ಒಂದೇ ಇದ್ದಷ್ಟು ಹೊತ್ತು ಬಾಯಿ ಜೋರಾಗಿಯೇ ಇತ್ತು. ಮುಂದೆ ಅದು ಎರಡಾಯಿತು. ಜೀಪಣ್ಣ ಕ್ಷಣವೂ ಯೋಚಿಸದೆ ಎಡಕ್ಕೆ ತಿರುಗಿದ. ಯೋಚಿಸಿದರೆ ಬಂಡವಾಳ ಬಯಲಾದೀತೆಂಬ ಭಯ. ಮುಳ್ಳು ಸರಿಸುತ್ತ, ಜಾರುತ್ತ, ಏದುಸಿರು ಬಿಡುತ್ತ ನಾಲ್ವರೂ ಕಡೆಗೆ ತಲುಪಿದ್ದು ಯಾರದೋ ಮನೆಯ ಹಿತ್ತಿಲಿಗೆ. ಅಲ್ಲಿ ಒಬ್ಬ ಅಜ್ಜಿ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು.

"ಜಲಪಾತಕ್ಕೆ ಬಲಕ್ಕೆ ಹೋಗ್ಬೇಕಿತ್ತಲ್ಲಪ್ಪ," ಎಂದಳು ಅಜ್ಜಿ. "ದಿನಾ ಜನಾನ ತಂದು ಬಿಡ್ತೀಯ, ನಿಂಗೇ ದಾರಿ ಗೊತ್ತಿಲ್ವಾ?"

ಇದು ಒಳದಾರಿ ಎಂದು ಜೀಪಣ್ಣ ಗೊಣಗಿದ. ದರ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. ಹೆಂಡತಿ ಹಿಂದಿರುಗಿ, ತಾನೇ ಮುಂದಾಗಿ ಬಲಗಡೆಯ ದಾರಿ ಹಿಡಿದಳು.

ಮರಗಳು ಸರಿದವು, ಜಲಪಾತ ಎದುರು ನಿಂತಿತು. ಮೂರಲ್ಲ, ಒಂದೇ ಕವಲು. ಗುಡಿಯೋ, ಟ್ರಂಕಿನಷ್ಟು ಚಿಕ್ಕದು, ನೀರಿನ ಹಿಂದಲ್ಲ, ಪಕ್ಕದಲ್ಲಿ. ಆದರೆ ಆ ಒಂದು ಕವಲೇ ಆಕಾಶದಿಂದ ಬಿದ್ದಂತೆ ಬೀಳುತ್ತಿತ್ತು. ತುಂತುರು ಬಂದು ಮುಖಕ್ಕೆ ಹೊಡೆದಾಗ ಜೀಪಣ್ಣನ ಬಾಯಿ ಕಟ್ಟಿಹೋಯಿತು. ಇಷ್ಟು ವರ್ಷ ಇದರ ಪಕ್ಕದಲ್ಲೇ ನಿದ್ದೆ ಹೊಡೆದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

"ಮೂರು ಅಂದಿದ್ರಲ್ಲ ಭಾವ?" ಎಂದ ದರ್ಜಿ.

ಹೆಂಡತಿಯೇ, "ಅದು ನೀರು ಜಾಸ್ತಿ ಇದ್ದಾಗ," ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಅವಳೂ ನೋಡುತ್ತಿದ್ದದ್ದು ಅದೇ ಮೊದಲು. ಅಣ್ಣ ಅತ್ತಿಗೆ ನೀರಿಗೆ ಕಾಲಿಟ್ಟು ಕೂತ ಮೇಲೆ ಗಂಡನ ಪಕ್ಕ ಸರಿದು, "ಜನಾನ ಕರ್ಕೊಂಡು ಹೋಗ್ತೀರಲ್ಲ, ಆ ಬೆಟ್ಟದ ಮೇಲಿನ ದೇವಸ್ಥಾನನಾದ್ರೂ ನೋಡಿದೀರಾ?" ಎಂದು ಪಿಸುಗುಟ್ಟಿದಳು.

"ಮೆಟ್ಟಿಲು ನೋಡಿದೀನಿ."

ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕ ನಗುವಿಗೆ ಅಣ್ಣ ತಿರುಗಿ ನೋಡಿದ.

ಅಂದಿನಿಂದ ಕೆಲಸವಿಲ್ಲದ ದಿನಗಳಲ್ಲಿ ಗಂಡ ಹೆಂಡತಿ ಒಂದೊಂದೇ ಜಾಗ ನೋಡತೊಡಗಿದರು. ನೋಡಿದ ಜಾಗದ ವರ್ಣನೆ ಮಾತ್ರ ಅದೇಕೋ ಅವನ ಬಾಯಿಗೆ ಬರುತ್ತಿರಲಿಲ್ಲ. ಜಲಪಾತ ಹೇಗಿದೆ ಎಂದು ಕೇಳಿದವರಿಗೆ ನಡೀರಿ, ನಾನೂ ಬರ್ತೀನಿ ಎನ್ನುತ್ತಿದ್ದ, ಅಷ್ಟೆ. ಪ್ರವಾಸಿಗರು ನೋಡಿ ಮುಗಿಸಿ, ಮೇಲೆ ಹತ್ತಿ ಬಂದು, ಜೀಪಿನಲ್ಲಿ ಕೂತು ಹಾರನ್ ಬಾರಿಸುತ್ತಿದ್ದರು; ಜೀಪಣ್ಣ ಇನ್ನೂ ಕೆಳಗೇ ಇರುತ್ತಿದ್ದ.