ಅಪ್ಪ ಓದಿ ಹೇಳುತ್ತಿದ್ದ ಪ್ರಶ್ನೆಗಳು

ಎಂಬಿಎ ಪ್ರವೇಶ ಪರೀಕ್ಷೆಯ ಸ್ಕೋರ್ ಬಂದಾಗ ನಾನು ಚಾಕಣದಿಂದ ಪುಣೆಯ ಖಡಕಿಗೆ ವಾಪಸ್ ಬರುವ ಕಂಪನಿ ಬಸ್ಸಿನಲ್ಲಿದ್ದೆ. ಮೊಬೈಲ್ ನೋಡಿ ಮೊದಲು ಅನಿಸಿದ್ದು, ಇದು ಬೇರೆ ಯಾರದ್ದೋ ಇರಬೇಕು ಅಂತ.

ಹೆಸರು ನನ್ನದೇ. ಫೋಟೋನೂ ನನ್ನದೇ, ಆ ಹಾಳು ಫೋಟೋ.

ಮನೆಯ ಮಾಕ್ ಟೆಸ್ಟ್‌ಗಳಲ್ಲಿ ಬರುತ್ತಿದ್ದುದರ ಅರ್ಧವೂ ಇಲ್ಲ! ಪಕ್ಕದ ಸೀಟಿನವಳು ಮರಾಠಿಯಲ್ಲಿ "ಕಾಯ್ ಝಾಲಂ ಗಂ?", ಏನಾಯ್ತೇ ಎಂದು ಕೇಳಿದಳು. "ಕಾಹೀ ನಾಹೀ", ಏನಿಲ್ಲ ಎಂದು ಕಿಟಕಿ ಕಡೆ ತಿರುಗಿ ಕೂತೆ.

ಹೇಗೆ ಸಾಧ್ಯ? ತಿಂಗಳುಗಟ್ಟಲೆ ಓದಿದ್ದೆ. ಅದೂ ಒಬ್ಬಳೇ ಅಲ್ಲ, ಅಪ್ಪನ ಜೊತೆ.

ನಾನು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಇಡೀ ದಿನ ಸ್ಕ್ರೀನ್ ನೋಡಿ ನೋಡಿ ಸಂಜೆಗೆ ಕಣ್ಣು ಉರಿಯುತ್ತವೆ. ರಿಟೈರ್ ಆಗಿ ಮನೆಯಲ್ಲಿದ್ದ ಅಪ್ಪ ಒಂದು ದಿನ ತಾವೇ ಮುಂದೆ ಬಂದರು. "ಕಣ್ಣಿಗೆ ಯಾಕ ತ್ರಾಸ ಕೊಡ್ತೀ? ನಾ ಓದ್ತೀನಿ, ನೀ ಉತ್ತರಾ ಹೇಳು."

ಅಪ್ಪನದು ಎಲ್ಲಾ ಶಿಸ್ತು. ಮಧ್ಯಾಹ್ನವೇ ಪುಸ್ತಕದ ಹಿಂದಿನ ಪುಟ ನೋಡಿ ಸರಿ ಉತ್ತರಗಳಿಗೆ ಪೆನ್ಸಿಲ್‌ನಿಂದ ಟಿಕ್ ಹಾಕಿಡುತ್ತಿದ್ದರು, ಆಮೇಲೆ ಹುಡುಕುವ ಗದ್ದಲ ಬೇಡ ಅಂತ. ಚಹಾ ಆದ ಮೇಲೆ ಕನ್ನಡಕ ಏರಿಸಿ, ತಮ್ಮ ಧಾರವಾಡದ ಇಂಗ್ಲಿಷ್‌ನಲ್ಲಿ ಪ್ರಶ್ನೆ ಓದಿ, ನಾಲ್ಕೂ ಆಪ್ಷನ್ ಓದುತ್ತಿದ್ದರು. ನಾನು ಕಣ್ಣು ಮುಚ್ಚಿ ಉತ್ತರ ಹೇಳುತ್ತಿದ್ದೆ. ಲೆಕ್ಕವಿದ್ದರೆ ಹಾಳೆ ಮೇಲೆ ಒಂದಿಷ್ಟು ಗೀಚಿ ಹೇಳುತ್ತಿದ್ದೆ. ಬಹುಪಾಲು ಸರಿ!

ಸ್ಕೋರ್ ನೋಡಿ ಅಪ್ಪ ನನಗಿಂತ ಹೆಚ್ಚು ಗಾಬರಿಯಾದರು. "ಪೇಪರ್ ತಪಾಸ ಮಾಡೋರ ತಪ್ಪ ಮಾಡಿರಬೇಕು."

"ಅದನ್ನ ಕಂಪ್ಯೂಟರ್ ಮಾಡ್ತದಪ್ಪಾ!" ನಾನು ರೇಗಿಬಿಟ್ಟೆ.

ಇನ್ನೊಂದು ಸಲ ಬರೆಯಲು ಅವಕಾಶವಿತ್ತು. ಅದೂ ಹೋದರೆ ಈ ವರ್ಷದ ಅಡ್ಮಿಷನ್‌ಗೆ ಎಳ್ಳುನೀರು. ಮತ್ತೆ ಅದೇ ಬಸ್ಸು, ಅದೇ ಬೋಲ್ಟು, ಅದೇ ಮ್ಯಾನೇಜರ್. ನೆನೆಸಿಕೊಂಡರೇ ಅಳು ಬರುತ್ತಿತ್ತು.

ಅಪ್ಪನ ಪರಿಹಾರ ಸರಳ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಓದುವುದು. ಶುರುವೂ ಮಾಡಿದೆವು. ಮನೆಯಲ್ಲಿ ಸ್ಕೋರ್ ಮತ್ತೆ ಭರ್ಜರಿ.

ಆಮೇಲೆ ಆ ಭಾನುವಾರ...

ಅವ್ವ ನಮ್ಮ ಪಕ್ಕದಲ್ಲೇ ಕೆಳಗೆ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. ಅಪ್ಪ ಪ್ರಶ್ನೆ ಓದಿದರು. ನಾನು ಯೋಚಿಸುತ್ತಿದ್ದೆ. ಅವ್ವ ತಲೆ ಎತ್ತದೆ ಹೇಳಿದಳು, "ಮೂರನೇದ್ದು."

ಸರಿ! ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಮುಂದಿನ ಪ್ರಶ್ನೆ. "ಒಂದನೇದ್ದು." ಅದೂ ಸರಿ. ನಗು ಸ್ವಲ್ಪ ಕಡಿಮೆಯಾಯಿತು.

ಆಮೇಲೆ ನಲ್ಲಿ, ಟ್ಯಾಂಕಿನ ಲೆಕ್ಕ. ನಾನಿನ್ನೂ ಪೆನ್ನು ಎತ್ತಿರಲಿಲ್ಲ. "ನಾಲ್ಕನೇದ್ದು" ಎಂದಳು ಅವ್ವ.

ಅದೂ ಸರಿ! ಕನ್ನಡ ಶಾಲೆ ಬಿಟ್ಟ ಮೇಲೆ ಪುಸ್ತಕವನ್ನೇ ಮುಟ್ಟದವಳು ನಮ್ಮವ್ವ. ಇಂಗ್ಲಿಷ್ ಅಂದರೆ ಮೂಗು ಮುರಿಯುತ್ತಾಳೆ. ಅಪ್ಪ ಕನ್ನಡಕ ತೆಗೆದರು.

"ಏ, ನಿನಗ ಹೆಂಗ ಗೊತ್ತಾತು?"

"ನಿಮ್ಮ ದನಿ ಕೇಳಿದ್ರ ಗೊತ್ತಾಗ್ತದಲ್ರೀ. ಖರೇ ಉತ್ತರ ಬಂತಂದ್ರ ಸಾವಕಾಶ ಓದ್ತೀರಿ. ಉಳಿದದ್ದು ಬಡಬಡಾ ಓದಿ ಮುಗಿಸ್ತೀರಿ. ಆಕಿಗೂ ಗೊತ್ತದ ಅನ್ಕೊಂಡಿದ್ದೆ."

ನನಗೆ ಗೊತ್ತಿರಲಿಲ್ಲ! ದೇವರಾಣೆ ಗೊತ್ತಿರಲಿಲ್ಲ. ನಾನು ಯೋಚನೆ ಮಾಡಿಯೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ.

ಪರೀಕ್ಷೆಯ ದಿನ ನೆನಪಾಯಿತು. ಸ್ಕ್ರೀನ್ ಮೇಲೆ ನಾಲ್ಕೂ ಆಪ್ಷನ್ ಸರಿ ಅನಿಸುತ್ತಿದ್ದವು. ಏನೋ ಬರಬೇಕು, ಇನ್ನೂ ಬಂದಿಲ್ಲ ಅನ್ನುವ ಹಾಗೆ ಕಾಯುತ್ತಾ ಕೂತಿದ್ದೆ. ಏನು ಅಂತ ಆಗ ತಿಳಿದಿರಲಿಲ್ಲ. ಅಪ್ಪನ ದನಿ!

ಅಪ್ಪನ ಮುಖ ನೋಡಲಾಗಲಿಲ್ಲ. "ನಾನಽ ನಿನ್ನ ಕೆಡಿಸಿದ್ನಲ್ಲವಾ" ಎಂದರು. ಛೆ, ಇಲ್ಲಪ್ಪಾ ಎಂದೆ. ಆದರೆ ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಅಪ್ಪ ಎಲ್ಲವನ್ನೂ ಒಂದೇ ದನಿಯಲ್ಲಿ ಓದಿ ನೋಡಿದರು. ಆಗ ಸರಿ ಉತ್ತರ ಬಂದಾಗ ಗಾಬರಿಯಿಂದ ಓಡಿಸತೊಡಗಿದರು. ಅವ್ವ ಅದನ್ನೂ ಹಿಡಿದಳು! "ಈಗ ಓಡಸ್ಲಿಕತ್ತೀರಿ ನೋಡ್ರಿ."

ಪುಸ್ತಕ ನಾನೇ ಇಸಕೊಂಡೆ.

ಆಮೇಲಿಂದ ಓದುವ ರೀತಿಯೇ ಬದಲಾಯಿತು. ಸಂಜೆ ಬೇಡ, ಕಣ್ಣು ದಣಿಯುವ ಮೊದಲು, ಬೆಳಿಗ್ಗೆ ಬಸ್ಸಿಗೆ ಮುಂಚೆ. ಸ್ಕ್ರೀನ್ ಮೇಲೆಯೇ, ಟೈಮರ್ ಇಟ್ಟು, ಬಾಗಿಲು ಹಾಕಿಕೊಂಡು. ಉಳಿದ ಮೂರು ಯಾಕೆ ತಪ್ಪು ಎಂದು ನನಗೇ ನಾನು ಹೇಳಿಕೊಳ್ಳದೆ ಕ್ಲಿಕ್ ಮಾಡುವಂತಿಲ್ಲ.

ಮೊದಲ ದಿನಗಳ ಸ್ಕೋರ್ ನೋಡಿದೆ. ಅಸಲಿ ಪರೀಕ್ಷೆಯಲ್ಲಿ ಬಂದಷ್ಟೇ! ಅಂದರೆ ನನ್ನ ಯೋಗ್ಯತೆ ಅಷ್ಟೇ ಇತ್ತು. ಸಿಟ್ಟು ಬಂತು, ನಾಚಿಕೆಯಾಯಿತು, ಮತ್ತೆ ಕೂತೆ. ನಿಧಾನಕ್ಕೆ, ಭಾಳ ನಿಧಾನಕ್ಕೆ, ಏರತೊಡಗಿತು.

ನಿನ್ನೆ ಎರಡನೇ ಸಲದ ಸ್ಕೋರ್ ಬಂತು.

ನನಗೆ ಬೇಕಾದ ಕಾಲೇಜಿಗೆ ಸಾಕಾಗಿ ಮಿಗುವಷ್ಟು! ನಾನು ಕಿರುಚಿದ ರಭಸಕ್ಕೆ ಎದುರು ಮನೆಯವರು ಬಾಗಿಲು ತೆಗೆದರು. ಅವ್ವ ಬಾಯಿಗೆ ಸಕ್ಕರೆ ಹಾಕಿದಳು. ಅಪ್ಪ ಮೊಬೈಲ್ ಇಸಕೊಂಡು ಒಂದೊಂದೇ ಅಂಕಿ ಓದಿದರು, ನನ್ನ ತಲೆ ಸವರಿದರು.

"ಭಾಳ ಛಲೋ ಆತು" ಎಂದರು. ಮೊಬೈಲ್ ವಾಪಸ್ ಕೊಟ್ಟು, "ಮುಂದ ಕಾಲೇಜಿನ ಪರೀಕ್ಷಾಕ್ಕ ಓದೋದಿದ್ರೂ ನಾ ಜೋಡಿ ಕೂಡೋದು ಬ್ಯಾಡಲ್ಲಾ? ಮತ್ತ ಸಂಜೀ ಮುಂದ ನಾ ಏನ್ ಮಾಡ್ಲಿ, ಹೇಳವಾ" ಎಂದರು.

ಇಷ್ಟು ದಿನ ಆ ಸಂಜೆಗಳು ನನಗೋಸ್ಕರ ಅಂತಲೇ ತಿಳಿದಿದ್ದೆ.

ಇವತ್ತು ಸಂಜೆ ಅವರಿಗೆ ಉತ್ತರ ಕೊಡಬೇಕು. ನೀವಾಗಿದ್ದರೆ ಅಪ್ಪನಿಗೆ ಏನು ಹೇಳುತ್ತಿದ್ದಿರಿ?