ರೂಬೆನ್ ಕಟ್ಟಿದ ಸೊಟ್ಟ ಹೇಜಲ್

ನಮ್ಮ ಪಕ್ಕದ ಮನೆಯ ರೂಬೆನ್ ಹಾತ್‌ವೇ ಹೇಜಲ್ ಗಿಡದ ನೆಟ್ಟನೆಯ ಕೋಲುಗಳಿಂದ ಕುರಿದೊಡ್ಡಿಗೆ ತಡಿಕೆ ಹೆಣೆದೇ ಮುದುಕನಾದವನು. ಸೊಟ್ಟ ಕೋಲು ಕಂಡರೆ ಅವನಿಗೆ ಮೈಯೆಲ್ಲ ಉರಿ. ಗ್ಲಾಸ್ಟರ್‌ಶೈರಿನ ಈ ಮೂಲೆಯಲ್ಲಿ ಅವನಂಥ ಹಟಮಾರಿಯನ್ನು ನಾನು ಕಂಡಿಲ್ಲ.

ಅಂಥವನ ಅಂಗಳದಲ್ಲೇ ಊರಿಗೆಲ್ಲ ಸೊಟ್ಟ ಹೇಜಲ್ ಗಿಡ! ಕೊಂಬೆಕೊಂಬೆಯೂ ಸುರುಳಿ. ಚಳಿಗಾಲದಲ್ಲಿ ಎಲೆಯುದುರಿದ ಮೇಲೆ ನೋಡಲು ಎರಡು ಕಣ್ಣು ಸಾಲದು. ಮದುವೆಗೆ ಮುಂಚೆ, ಈಗ ಹೆಂಡತಿಯಾಗಿರುವ ಡಲ್ಸಿಯ ಮನಸ್ಸು ಗೆಲ್ಲಲು, ಸಾಧಾರಣ ಹೇಜಲ್ ಬುಡಕ್ಕೆ ಸುರುಳಿ ಕಡ್ಡಿಯೊಂದನ್ನು ಅವನೇ ಕಸಿ ಕಟ್ಟಿ ಕೊಟ್ಟದ್ದು. ಆ ಬುಡ ತನ್ನ ಬುದ್ಧಿ ಬಿಡುವುದಿಲ್ಲ. ಕಸಿಯ ಕೆಳಗಿಂದ ನೆಟ್ಟನೆಯ ಚಿಗುರುಗಳು ಏಳುತ್ತಲೇ ಇರುತ್ತವೆ. ಬಿಟ್ಟರೆ ಅವೇ ಗಿಡವನ್ನು ನುಂಗುತ್ತವೆ. ಪ್ರತಿ ಚಳಿಗಾಲ ಅವನು ಮಂಡಿಯೂರಿ, ಗೊಣಗುತ್ತಾ ಅವನ್ನು ಕೀಳುತ್ತಿದ್ದ.

"ಲೇ ಡಲ್ಸಿ, ಊರಿಗೆಲ್ಲ ನೆಟ್ಟಗಿರೋದು ಬೇಕು, ನಿನಗೆ ಮಾತ್ರ ಸೊಟ್ಟಗಿರೋದೇ ಆಗಬೇಕು!"

"ಅದಕ್ಕೇ ಅಲ್ವಾ ನಿನ್ನ ಕಟ್ಟಿಕೊಂಡಿದ್ದು?"

ಎರಡು ವರ್ಷದಿಂದ ಅವನಿಗೆ ಮರೆವು. ಒಲೆಯ ಮೇಲಿಟ್ಟ ಕೆಟಲ್ ಮರೆತ, ಬುಡದ ಚಿಗುರು ಕೀಳುವುದನ್ನೂ ಮರೆತ. ವಯಸ್ಸಾಯಿತೆಂದು ನಾವೆಲ್ಲ ನಕ್ಕು ಸುಮ್ಮನಾದೆವು. ಎಂಥ ದಡ್ಡರು!

ಈ ಫೆಬ್ರವರಿಯ ಒಂದು ಬೆಳಿಗ್ಗೆ ಡಲ್ಸಿಯ ಚೀರಾಟ ಕೇಳಿ ಹಿಟ್ಟಿನ ಕೈಯಲ್ಲೇ ಓಡಿದೆ. ಸುರುಳಿ ಕೊಂಬೆಗಳೆಲ್ಲ ಹಳದಿ ಹೂಗೊಂಚಲ ಸಮೇತ ನೆಲದ ಮೇಲೆ ಬಿದ್ದಿದ್ದವು. ನಿಂತಿದ್ದವು ಬುಡದ ನೆಟ್ಟನೆಯ ಕೋಲುಗಳು ಮಾತ್ರ. ರೂಬೆನ್ ಮಚ್ಚು ಹಿಡಿದು ಬೆವರೊರೆಸಿಕೊಳ್ಳುತ್ತಿದ್ದ, ಮುಖದ ತುಂಬ ಸಂತೋಷ.

"ಅಯ್ಯೋ ಪಾಪಿ, ಏನೋ ಮಾಡ್ದೆ? ತಲೆ ನೆಟ್ಟಗಿದೆಯೇನೋ ನಿನಗೆ?" ಎಂದು ಕೂಗಿದೆ.

ಅವನು ನನ್ನತ್ತ ನೋಡಲಿಲ್ಲ. ಟೋಪಿ ತೆಗೆದು ಡಲ್ಸಿಗೆ ತಲೆಬಾಗಿದ.

"ಅಮ್ಮಾವ್ರೇ, ಯಾರೋ ನಿಮ್ಮ ಗಿಡಾನ ಹಾಳುಬಿಟ್ಟಿದ್ರು. ಸೊಟ್ಟಗಿರೋದೆಲ್ಲ ತೆಗೆದಿದೀನಿ. ಇನ್ಮೇಲೆ ಒಳ್ಳೊಳ್ಳೆ ಕೋಲು ಬರ್ತವೆ, ನೋಡ್ತಿರಿ."

ಕಟ್ಟಿಕೊಂಡ ಹೆಂಡತಿಗೆ ಅಮ್ಮಾವ್ರೇ! ಗಿಡ ಹೋದ ಸಂಕಟ ಎಲ್ಲಿ ಹೋಯಿತೋ.

ಅಷ್ಟರಲ್ಲಿ ಅವನು ಬಗ್ಗಿ, ನೆಲದಿಂದ ಒಂದು ಸುರುಳಿ ಕಡ್ಡಿಯನ್ನು ಆರಿಸಿಕೊಂಡ. ಅದರ ಮೊಗ್ಗುಗಳನ್ನು ಬೆರಳಿಂದ ಮುಟ್ಟಿ ನೋಡಿದ. ಮುಖ ಕೆಂಪಾಯಿತು.

"ಇದೊಂದು ನಾನು ಇಟ್ಕೊಳ್ಳಲಾ, ಅಮ್ಮಾವ್ರೇ? ಡಲ್ಸಿ ಅಂತ ಒಬ್ಬಳು ಹುಡುಗಿ ಇದಾಳೆ. ಕಸಿ ಕಟ್ಟಿ ಕೊಡೋಣ ಅಂತ. ಅವಳು ಒಪ್ತಾಳೋ ಇಲ್ವೋ..."

ಡಲ್ಸಿ ಬೇಲಿಯ ಗೂಟ ಹಿಡಿದುಕೊಂಡಳು.

"ತಗೊಂಡು ಹೋಗಿ," ಎಂದಳು. "ಒಪ್ತಾಳೆ."